ಮುಟ್ಟಲಾಗದ ಸರಕಿಗೂ ಮುದ್ರೆಯ ಕಾವಲು

2021ರ ಮೇ ತಿಂಗಳಲ್ಲಿ ಕೈಚೀಲವೊಂದು ನಾಲ್ಕು ಸಾವಿರಕ್ಕೂ ಹೆಚ್ಚು ಅಮೆರಿಕನ್ ಡಾಲರಿಗೆ ಮಾರಾಟವಾಯಿತು. ಇಟಲಿಯ ಗುಚ್ಚಿ ಸಂಸ್ಥೆಯ ಹೆಸರು ಹೊತ್ತ ಚೀಲ ಅದು. ದುಬಾರಿ ಚೀಲಗಳಿಗೆ ಹೆಸರಾದ ಸಂಸ್ಥೆ. ಹೀಗಾಗಿ ಬೆಲೆ ಕೇಳಿ ಬೆರಗಾಗಬೇಕಿಲ್ಲ. ಬೆರಗು ಇರುವುದು ಬೇರೆಡೆ. ಆ ಚೀಲದಲ್ಲಿ ಒಂದು ಕರವಸ್ತ್ರವನ್ನೂ ಇಡಲಾಗದು. ಅದನ್ನು ಹೆಗಲಿಗೇರಿಸಿಕೊಂಡು ಮದುವೆಮನೆಗೆ ಹೋಗಲಾಗದು. ಏಕೆಂದರೆ ಅದು ಇರುವುದು ಕಂಪ್ಯೂಟರಿನ ಪರದೆಯ ಮೇಲೆ ಮಾತ್ರ!

‘ರೋಬ್ಲಾಕ್ಸ್’ ಎಂಬುದು ಮಕ್ಕಳು ಮುಗಿಬಿದ್ದು ಆಡುವ ಒಂದು ಅಂತರ್ಜಾಲ ಆಟದ ತಾಣ. ಅದರೊಳಗೆ ಹೋದ ಪ್ರತಿಯೊಬ್ಬರಿಗೂ ಗೊಂಬೆಯಂಥ ಒಂದು ರೂಪವಿರುತ್ತದೆ. ಅದಕ್ಕೆ ‘ಅವತಾರ್’ ಎಂದು ಹೆಸರು. ನಮ್ಮ ‘ಅವತಾರ’ವೇ ಇಂಗ್ಲಿಷಿಗೆ ಹೋಗಿ, ಕಂಪ್ಯೂಟರಿನೊಳಗೆ ಹೊಕ್ಕು, ಹೊಸ ಅರ್ಥದೊಂದಿಗೆ ನಮ್ಮ ಮಕ್ಕಳ ಬಾಯಿಗೆ ಮರಳಿ ಬಂದಿದೆ. ಈ ಅವತಾರಕ್ಕೆ ಅಂಗಿ, ಟೋಪಿ, ಬೂಟು ತೊಡಿಸಬಹುದು. ಇದಕ್ಕೆ ಬೇಕಾದ ‘ರೋಬಕ್ಸ್’ ಎಂಬ ಆಟದ ನಾಣ್ಯವನ್ನು ನಿಜವಾದ ಹಣ ಕೊಟ್ಟೇ ಕೊಳ್ಳಬೇಕು. ಗುಚ್ಚಿ ಸಂಸ್ಥೆ ಆ ತಾಣದಲ್ಲಿ ಕೆಲವು ದಿನಗಳ ಪ್ರದರ್ಶನ ಏರ್ಪಡಿಸಿ, ಕೆಲವೇ ಡಾಲರಿಗೆ ಕೆಲವು ಪರದೆಯ ಸಾಮಾನುಗಳನ್ನು ಮಾರಿತ್ತು. ಹಾಗೆ ಕೊಂಡ ಚೀಲವೊಂದನ್ನು ಇನ್ನೊಬ್ಬರು ಮೂರೂವರೆ ಲಕ್ಷ ರೋಬಕ್ಸ್ ಕೊಟ್ಟು ಕೊಂಡರು. ಅದೇ ಮಾದರಿಯ ನಿಜವಾದ ಚರ್ಮದ ಚೀಲದ ಬೆಲೆ ಸುಮಾರು 3,400 ಡಾಲರ್. ಅಂದರೆ ಬೊಂಬೆಯ ಚೀಲವೇ ನಿಜದ ಚೀಲಕ್ಕಿಂತ ದುಬಾರಿ!

ಕೊಂಡವರಿಗೆ ಅಲ್ಲಿ ಚರ್ಮ ಸಿಗಲಿಲ್ಲ, ಹೊಲಿಗೆ ಸಿಗಲಿಲ್ಲ, ಬಾಳಿಕೆಯಂತೂ ಇಲ್ಲ. ಅಷ್ಟು ಹಣ ತೆತ್ತದ್ದು ಒಂದು ಹೆಸರಿಗೆ. ಹಾಗಾದರೆ ಅಂಥ ಹೆಸರನ್ನು ಪರದೆಯ ಲೋಕದಲ್ಲಿ ಬೇರೆ ಯಾರಾದರೂ ಎತ್ತಿಕೊಂಡು ಬಳಸಿದರೆ? ಚರ್ಮದ ಚೀಲಕ್ಕೆಂದು ಪಡೆದ ಹಕ್ಕು ಚಿತ್ರದ ಚೀಲಕ್ಕೂ ನಡೆಯುತ್ತದೆಯೇ? ಈ ಪ್ರಶ್ನೆಯನ್ನು ಹಿಡಿದು ದೊಡ್ಡ ದೊಡ್ಡ ಸಂಸ್ಥೆಗಳು ನ್ಯಾಯಾಲಯದ ಮೆಟ್ಟಿಲೇರಿವೆ. ನಮ್ಮ ಮನೆಯ ಮಕ್ಕಳೂ ಇಂಥ ಸರಕಿನ ಗಿರಾಕಿಗಳಾಗಿರುವುದರಿಂದ ಈ ವ್ಯಾಜ್ಯಗಳ ಒಳಹೊರಗನ್ನು ನಾವೂ ತಿಳಿಯುವುದು ಒಳ್ಳೆಯದು.

ಮುದ್ರೆ ಎಂದರೇನು?

ಮೈಸೂರು ಸ್ಯಾಂಡಲ್ ಸೋಪಿನ ಪೊಟ್ಟಣವನ್ನು ಒಮ್ಮೆ ಗಮನವಿಟ್ಟು ನೋಡಿ. ಅದರ ಮೇಲೆ ಒಂದು ವಿಚಿತ್ರ ಪ್ರಾಣಿ ಇದೆ. ದೇಹ ಸಿಂಹದ್ದು, ಮುಖ ಆನೆಯದು. ಅದೇ ಶರಭ. ಅಂಗಡಿಯವನ ಮುಂದೆ ನಿಂತ ಗಿರಾಕಿ ಸೋಪನ್ನು ಪ್ರಯೋಗಶಾಲೆಗೆ ಒಯ್ದು ಪರೀಕ್ಷಿಸುವುದಿಲ್ಲ. ಹೆಸರು ಓದುತ್ತಾನೆ, ಶರಭವನ್ನು ನೋಡುತ್ತಾನೆ, ‘ಇದು ಅದೇ’ ಎಂದು ನಂಬಿ ದುಡ್ಡು ಕೊಡುತ್ತಾನೆ. ಸರಕು ಎಲ್ಲಿಂದ ಬಂತು, ಅದರ ಗುಣಕ್ಕೆ ಹೊಣೆ ಯಾರು ಎಂಬುದನ್ನು ಒಂದೇ ನೋಟಕ್ಕೆ ತಿಳಿಸುವ ಹೆಸರು ಅಥವಾ ಗುರುತಿಗೆ ವ್ಯಾಪಾರ ಮುದ್ರೆ, ಅಂದರೆ ಟ್ರೇಡ್‌ಮಾರ್ಕ್, ಎನ್ನುತ್ತಾರೆ. 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಇದೇ ಸೋಪಿನ ನಕಲನ್ನು ತಯಾರಿಸುತ್ತಿದ್ದ ಘಟಕವೊಂದು ಪತ್ತೆಯಾಯಿತು. ನಕಲು ಮಾಡಿದವರಿಗೆ ಬೇಕಾಗಿದ್ದದ್ದು ಸೋಪಿನ ಸೂತ್ರಕ್ಕಿಂತ ಆ ಪೊಟ್ಟಣದ ಮೇಲಿನ ನಂಬಿಕೆ.

ವಿದ್ಯಾರ್ಥಿಗಳು ಇಲ್ಲಿ ಮೂರು ಪದಗಳನ್ನು ಬೇರೆ ಬೇರೆಯಾಗಿ ತಿಳಿದುಕೊಳ್ಳಬೇಕು. ಹೊಸ ಯಂತ್ರವನ್ನೋ ವಿಧಾನವನ್ನೋ ಕಂಡುಹಿಡಿದವನಿಗೆ ಸಿಗುವುದು ಪೇಟೆಂಟ್. ಕಥೆ, ಹಾಡು, ಚಿತ್ರ ಇವುಗಳನ್ನು ರಚಿಸಿದವನಿಗೆ ಸಿಗುವುದು ಕಾಪಿರೈಟ್, ಅಂದರೆ ಕೃತಿಸ್ವಾಮ್ಯ. ಇವೆರಡಕ್ಕೂ ಕಾಲಮಿತಿ ಇದೆ. ಅವಧಿ ಮುಗಿದ ಮೇಲೆ ಅವು ಎಲ್ಲರ ಸ್ವತ್ತು. ಟ್ರೇಡ್‌ಮಾರ್ಕ್ ಹಾಗಲ್ಲ. ನಮ್ಮ ದೇಶದಲ್ಲಿ ಅದನ್ನು ಹತ್ತು ವರ್ಷಕ್ಕೊಮ್ಮೆ ನವೀಕರಿಸುತ್ತ ಹೋದರೆ ನೂರು ವರ್ಷವಾದರೂ ಉಳಿಯುತ್ತದೆ. ಏಕೆ ಈ ರಿಯಾಯಿತಿ? ಅದು ಮಾಲೀಕನ ಹಿತವನ್ನು ಮಾತ್ರ ಕಾಯುವುದಿಲ್ಲ, ಕೊಳ್ಳುವವನು ಮೋಸಹೋಗದಂತೆಯೂ ಕಾಯುತ್ತದೆ ಎಂಬ ಕಾರಣಕ್ಕೆ. ಈ ಎರಡನೆಯ ಮಾತನ್ನು ನೆನಪಿಡಿ. ಮುಂದಿನ ವ್ಯಾಜ್ಯಗಳೆಲ್ಲ ಅದರ ಸುತ್ತಲೇ ತಿರುಗುತ್ತವೆ.

ನಲವತ್ತೈದು ಗೂಡುಗಳು

ಒಂದು ಹೆಸರನ್ನು ನೋಂದಾಯಿಸಿಬಿಟ್ಟರೆ ಜಗತ್ತಿನ ಎಲ್ಲ ವಸ್ತುಗಳ ಮೇಲೂ ಅದರ ಒಡೆತನ ಸಿಕ್ಕಿತು ಎಂದಲ್ಲ. ‘ಡವ್’ ಎಂಬ ಹೆಸರಿನ ಸೋಪು ನಮ್ಮ ಅಂಗಡಿಗಳಲ್ಲಿ ಸಿಗುತ್ತದೆ. ಅಮೆರಿಕದಲ್ಲಿ ಅದೇ ಹೆಸರಿನ ಚಾಕೊಲೇಟೂ ಉಂಟು. ಸೋಪಿನ ಕಂಪನಿ ಯೂನಿಲಿವರ್, ಚಾಕೊಲೇಟಿನದು ಮಾರ್ಸ್. ಇಬ್ಬರಿಗೂ ಜಗಳವಿಲ್ಲ, ಏಕೆಂದರೆ ಸ್ನಾನದ ಸೋಪು ಕೊಳ್ಳಲು ಹೋದವರು ಚಾಕೊಲೇಟು ತರುವುದಿಲ್ಲ.

ಈ ವಿಂಗಡಣೆಗೆ ಒಂದು ವ್ಯವಸ್ಥೆ ಇದೆ. ಫ್ರಾನ್ಸಿನ ನೀಸ್ ನಗರದಲ್ಲಿ 1957ರಲ್ಲಿ ಆದ ಒಪ್ಪಂದದ ಫಲವಾಗಿ ಅದಕ್ಕೆ ನೀಸ್ ವರ್ಗೀಕರಣ ಎಂದು ಹೆಸರು. ಜೀವಶಾಸ್ತ್ರದಲ್ಲಿ ಲಿನೇಯಸ್ ಸಸ್ಯ ಪ್ರಾಣಿಗಳನ್ನು ವರ್ಗಗಳಾಗಿ ಹಂಚಿದಂತೆ ಇಲ್ಲಿ ಜಗತ್ತಿನ ಸರಕು ಸೇವೆಗಳನ್ನೆಲ್ಲ 45 ವರ್ಗಗಳಲ್ಲಿ ಹಂಚಲಾಗಿದೆ. ಮೊದಲ 34 ಸರಕುಗಳಿಗೆ, ಉಳಿದ 11 ಸೇವೆಗಳಿಗೆ. ಚರ್ಮದ ಚೀಲ 18ನೇ ವರ್ಗ. ಬಟ್ಟೆ, ಬೂಟು 25ನೇ ವರ್ಗ. ಕಂಪ್ಯೂಟರ್ ಮತ್ತು ತಂತ್ರಾಂಶ 9ನೇ ವರ್ಗ. ಅಂಗಡಿ ವ್ಯಾಪಾರದ ಸೇವೆ 35ನೇ ವರ್ಗ. ಮನರಂಜನೆ, ಶಿಕ್ಷಣ 41ನೇ ವರ್ಗ. ಭಾರತವೂ 2019ರಲ್ಲಿ ಈ ಒಪ್ಪಂದಕ್ಕೆ ಸೇರಿತು.

ಈಗ ಹೇಳಿ, ಪರದೆಯ ಮೇಲಿನ ಬೂಟು ಯಾವ ವರ್ಗಕ್ಕೆ ಸೇರಬೇಕು? ಕಾಲಿಗೆ ಹಾಕುವಂತಿಲ್ಲ, ಆದ್ದರಿಂದ 25 ಅಲ್ಲ. ತಿಮಿಂಗಿಲ ನೀರಿನಲ್ಲಿದ್ದರೂ ಮೀನಲ್ಲ ಎನ್ನುವ ಹಾಗೆ, ಬೂಟಿನಂತೆ ಕಂಡರೂ ಇದು ಬೂಟಲ್ಲ. ಒಳಗಿರುವುದು ಬರೀ ಅಂಕಿಗಳ ಕಡತ. ಆದ್ದರಿಂದ ಅದರ ಜಾಗ 9ನೇ ವರ್ಗ. 2021ರ ಅಕ್ಟೋಬರಿನಲ್ಲಿ ಬೂಟುಗಳ ದೊಡ್ಡ ಕಂಪನಿ ನೈಕಿ ತನ್ನ ಹೆಸರು ಮತ್ತು ಗುರುತುಗಳನ್ನು ‘ವರ್ಚುವಲ್’ ಸರಕುಗಳಿಗೂ ನೋಂದಾಯಿಸುವಂತೆ ಅಮೆರಿಕದ ಕಚೇರಿಗೆ ಅರ್ಜಿ ಹಾಕಿತು. 9, 35 ಮತ್ತು 41, ಹೀಗೆ ಮೂರು ವರ್ಗಗಳಲ್ಲಿ. ಇದನ್ನು ಕಂಡು ಇತರ ಕಂಪನಿಗಳೂ ಸಾಲುಗಟ್ಟಿ ನಿಂತವು.

ಅರ್ಜಿಗಳು ಹೆಚ್ಚಿದಂತೆ ಕಚೇರಿಗಳು ನಿಯಮವನ್ನು ಸ್ಪಷ್ಟಪಡಿಸಬೇಕಾಯಿತು. ಬರೀ ‘ವರ್ಚುವಲ್ ಸರಕು’ ಎಂದು ಬರೆದರೆ ಸಾಲದು, ಯಾವ ಸರಕು ಎಂದು ಬಿಡಿಸಿ ಹೇಳಬೇಕು ಎಂದು ಐರೋಪ್ಯ ಒಕ್ಕೂಟದ ಕಚೇರಿ 2022ರಲ್ಲಿ ತಿಳಿಸಿತು. 2023ರ ಜನವರಿಯಿಂದ ಜಾರಿಗೆ ಬಂದ ನೀಸ್ ವರ್ಗೀಕರಣದ 12ನೇ ಆವೃತ್ತಿಯಲ್ಲಿ ಎನ್‌ಎಫ್‌ಟಿ ಎಂಬ ಹೊಸ ಪದವೂ 9ನೇ ವರ್ಗದೊಳಗೆ ಕಾಣಿಸಿಕೊಂಡಿತು.

ಒರೆಗಲ್ಲು ಇಲ್ಲದ ಪೇಟೆ

ಎನ್‌ಎಫ್‌ಟಿ ಎಂದರೇನು ಎನ್ನುವ ಮೊದಲು ಒಂದು ಪ್ರಶ್ನೆ. ಈ ವಿಷಯ ತರಗತಿಯಲ್ಲಿ ಬಂದಾಗ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ‘ಸಾರ್, ಕಂಪ್ಯೂಟರಿನಲ್ಲಿ ಕಾಪಿ ಮಾಡಿದರೆ ಎರಡೂ ಒಂದೇ ಥರ ಇರುತ್ತಲ್ಲ. ಅದರಲ್ಲಿ ಅಸಲಿ ಯಾವುದು, ನಕಲಿ ಯಾವುದು?’ ಎಂದು ಕೇಳಿದಳು. ಇಡೀ ವಿಷಯದ ಗುಟ್ಟು ಈ ಪ್ರಶ್ನೆಯಲ್ಲೇ ಇದೆ.

ಚಿನ್ನವನ್ನು ಒರೆಗಲ್ಲಿಗೆ ಉಜ್ಜಿ ನೋಡಬಹುದು. ಹಾಲಿಗೆ ನೀರು ಬೆರೆಸಿದ್ದರೆ ಲ್ಯಾಕ್ಟೋಮೀಟರ್ ಹೇಳುತ್ತದೆ. ರೇಷ್ಮೆಯ ಎಳೆಯೊಂದನ್ನು ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ, ನೈಲಾನ್ ಆದರೆ ಕರಗಿ ಗಂಟುಕಟ್ಟುತ್ತದೆ. ವಸ್ತುವಿಗೆ ಸಾಂದ್ರತೆ ಇದೆ, ಬಣ್ಣ ಇದೆ, ರಾಸಾಯನಿಕ ಗುಣ ಇದೆ. ಆದ್ದರಿಂದ ಪರೀಕ್ಷೆಯೂ ಇದೆ. ಆದರೆ ಕಂಪ್ಯೂಟರಿನ ಚಿತ್ರ ಎಂದರೆ ಸೊನ್ನೆ ಮತ್ತು ಒಂದುಗಳ ಉದ್ದನೆಯ ಸಾಲು. ನಕಲಿನಲ್ಲೂ ಅದೇ ಸಾಲು, ಒಂದು ಅಂಕಿಯೂ ಹೆಚ್ಚುಕಡಿಮೆ ಇಲ್ಲ. ಎರಡನ್ನೂ ಬೇರ್ಪಡಿಸುವ ಯಾವ ಉಪಕರಣವೂ ಪ್ರಯೋಗಶಾಲೆಯಲ್ಲಿ ಇಲ್ಲ. ಇಂಥ ಪೇಟೆಯಲ್ಲಿ ಗಿರಾಕಿಗೆ ಉಳಿಯುವ ದೊಡ್ಡ ಆಸರೆ ‘ಇದನ್ನು ಕೊಟ್ಟವರು ಯಾರು’ ಎಂಬ ಮಾಹಿತಿ. ನಿಜದ ಸಂತೆಯಲ್ಲಿ ಮುದ್ರೆ ಹಲವು ಆಧಾರಗಳಲ್ಲಿ ಒಂದು. ಪರದೆಯ ಸಂತೆಯಲ್ಲಿ ಬಹುಪಾಲು ಭಾರ ಅದರ ಮೇಲೆಯೇ ಬೀಳುತ್ತದೆ.

ಈ ಕೊರತೆಯನ್ನು ತುಂಬುತ್ತೇವೆಂದು ಬಂದದ್ದು ಎನ್‌ಎಫ್‌ಟಿ. ‘ಬ್ಲಾಕ್‌ಚೈನ್’ ಎಂಬುದು ಸಾವಿರಾರು ಕಂಪ್ಯೂಟರುಗಳು ಒಟ್ಟಾಗಿ ಇಟ್ಟುಕೊಳ್ಳುವ ಲೆಕ್ಕದ ಪುಸ್ತಕ. ಒಮ್ಮೆ ಬರೆದದ್ದನ್ನು ಯಾರೊಬ್ಬರೂ ಗುಟ್ಟಾಗಿ ತಿದ್ದಲು ಬಾರದಂತೆ ಅದನ್ನು ಹೆಣೆದಿರುತ್ತಾರೆ. ಅದರಲ್ಲಿ ‘ಇಂಥ ಸಂಖ್ಯೆಯ ಚೀಟಿ ಈಗ ಇಂಥವರ ಬಳಿ ಇದೆ’ ಎಂದು ದಾಖಲಾಗುತ್ತದೆ. ಆ ಚೀಟಿಯೇ ಎನ್‌ಎಫ್‌ಟಿ. ಸಾಮಾನ್ಯವಾಗಿ ಚಿತ್ರ ಆ ಪುಸ್ತಕದೊಳಗೆ ಇರುವುದಿಲ್ಲ. ಬೇರೆಲ್ಲೋ ಒಂದು ಕಂಪ್ಯೂಟರಿನಲ್ಲಿರುತ್ತದೆ, ಚೀಟಿಯಲ್ಲಿ ಅದರ ವಿಳಾಸ ಮಾತ್ರ ಇರುತ್ತದೆ. ಚೀಟಿ ಯಾರಿಂದ ಯಾರಿಗೆ ಹೋಯಿತು ಎಂಬುದನ್ನು ಈ ಪುಸ್ತಕ ಚೆನ್ನಾಗಿ ಹೇಳುತ್ತದೆ. ಆದರೆ ಮೊದಲು ಮಾರಿದವನಿಗೆ ಆ ಹೆಸರನ್ನು ಬಳಸುವ ಹಕ್ಕಿತ್ತೇ ಎಂಬುದನ್ನು ಹೇಳುವುದಿಲ್ಲ. ಅದನ್ನು ಹೇಳಲು ಕೊನೆಗೂ ನ್ಯಾಯಾಲಯವೇ ಬೇಕಾಯಿತು.

ತುಪ್ಪಳದ ಚೀಲದ ಮೊಕದ್ದಮೆ

ಪ್ಯಾರಿಸ್ಸಿನ ಎರ್ಮೆಸ್ ಸಂಸ್ಥೆ 1837ರಲ್ಲಿ ಕುದುರೆಯ ಜೀನು ಲಗಾಮುಗಳನ್ನು ಮಾಡುವ ಕಾರ್ಯಾಗಾರವಾಗಿ ಆರಂಭವಾಯಿತು. 1980ರ ದಶಕದಲ್ಲಿ ಅದರ ಮುಖ್ಯಸ್ಥ ಜಾನ್ ಲೂಯಿ ದ್ಯುಮಾ ವಿಮಾನದಲ್ಲಿ ನಟಿ, ಗಾಯಕಿ ಜೇನ್ ಬರ್ಕಿನ್ ಪಕ್ಕದಲ್ಲಿ ಕುಳಿತಿದ್ದರು. ತಮಗೆ ಒಪ್ಪುವ ಚೀಲವೇ ಸಿಗುವುದಿಲ್ಲ ಎಂದು ಆಕೆ ಹೇಳಿದ್ದನ್ನು ಕೇಳಿ ಅವರು ಒಂದು ಚೀಲ ರೂಪಿಸಿದರು. 1984ರಲ್ಲಿ ಹೊರಬಂದ ಆ ಚೀಲಕ್ಕೆ ಬರ್ಕಿನ್ ಎಂದೇ ಹೆಸರು. ಇಂದು ಒಂದೊಂದರ ಬೆಲೆ ಹತ್ತು ಸಾವಿರ ಡಾಲರಿಗೂ ಹೆಚ್ಚು.

2021ರ ಡಿಸೆಂಬರಿನಲ್ಲಿ ಅಮೆರಿಕದ ಮೇಸನ್ ರಾತ್‌ಚೈಲ್ಡ್ ಎಂಬ ಹೆಸರಿನ ಕಲಾವಿದ ನೂರು ಚಿತ್ರಗಳ ಎನ್‌ಎಫ್‌ಟಿ ಸರಣಿಯೊಂದನ್ನು ಮಾರಾಟಕ್ಕಿಟ್ಟ. ಎಲ್ಲವೂ ಬರ್ಕಿನ್ ಚೀಲದ ಆಕಾರದವು. ಆದರೆ ಚರ್ಮದ ಬದಲು ಬಣ್ಣಬಣ್ಣದ ತುಪ್ಪಳ ಹೊದ್ದ ಚೀಲಗಳು. ಸರಣಿಗೆ ‘ಮೆಟಾಬರ್ಕಿನ್ಸ್’ ಎಂದು ಹೆಸರು. ಅದೇ ಹೆಸರಿನ ಅಂತರ್ಜಾಲ ವಿಳಾಸವನ್ನೂ ಆತ ಪಡೆದುಕೊಂಡ. ಚೀಟಿಗಳು ಕೈಯಿಂದ ಕೈಗೆ ಮಾರಾಟವಾಗುತ್ತ ಬೆಲೆ ಏರಿತು. ಪ್ರತಿ ಮರುಮಾರಾಟದಲ್ಲೂ ಅವನಿಗೆ ಪಾಲು ಬರುತ್ತಿತ್ತು. ಕೆಲವು ಪತ್ರಿಕೆಗಳು ಇದು ಎರ್ಮೆಸ್ ಸಂಸ್ಥೆಯೇ ತಂದ ಸರಣಿ ಎಂದು ತಪ್ಪಾಗಿ ಬರೆದವು.

ಎರ್ಮೆಸ್ ಮೊದಲು ನೋಟಿಸು ಕೊಟ್ಟಿತು. ಬಗ್ಗದಿದ್ದಾಗ 2022ರ ಜನವರಿಯಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯಕ್ಕೆ ಹೋಯಿತು. ಕಲಾವಿದನ ವಾದ ಸುಲಭವಾಗಿ ತಳ್ಳಿಹಾಕುವಂಥದ್ದಾಗಿರಲಿಲ್ಲ. ‘ನಾನು ಚೀಲ ಮಾರುತ್ತಿಲ್ಲ, ಚೀಲದ ಬಗ್ಗೆ ಕಲೆ ಮಾರುತ್ತಿದ್ದೇನೆ. ಫ್ಯಾಷನ್ನಿಗಾಗಿ ಪ್ರಾಣಿಗಳನ್ನು ಕೊಲ್ಲುವುದರ ಬಗ್ಗೆ ನನ್ನದೊಂದು ಟೀಕೆ ಇದು. 1962ರಲ್ಲಿ ಆಂಡಿ ವಾರ್ಹಾಲ್ ಕ್ಯಾಂಪ್‌ಬೆಲ್ ಸೂಪಿನ ಡಬ್ಬಿಗಳನ್ನು ಚಿತ್ರಿಸಲಿಲ್ಲವೇ?’ ಎಂಬುದು ಅವನ ಧಾಟಿ. ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿ ಮಾತಿಗೂ ಕಲೆಗೂ ಗಟ್ಟಿಯಾದ ರಕ್ಷಣೆ ಕೊಡುತ್ತದೆ. ಅದನ್ನೇ ಅವನು ಗುರಾಣಿ ಮಾಡಿಕೊಂಡ. ‘ಇದು ಕಲೆಯ ಸೋಗಿನಲ್ಲಿ ನಮ್ಮ ಹೆಸರಿನ ವ್ಯಾಪಾರ. ನಾಳೆ ನಾವೇ ಪರದೆಯ ಚೀಲ ತಂದರೆ ಜನ ಯಾರದನ್ನು ಅಸಲಿ ಎನ್ನುತ್ತಾರೆ?’ ಎಂಬುದು ಎರ್ಮೆಸ್ ವಾದದ ಸಾರ.

2023ರ ಫೆಬ್ರುವರಿ 8ರಂದು ಒಂಬತ್ತು ಮಂದಿ ಜ್ಯೂರಿಗಳು ಎರ್ಮೆಸ್ ಪರವಾಗಿ ತೀರ್ಪಿತ್ತರು. ಟ್ರೇಡ್‌ಮಾರ್ಕ್ ಉಲ್ಲಂಘನೆಗೆ 1,10,000 ಡಾಲರ್, ಅಂತರ್ಜಾಲ ವಿಳಾಸವನ್ನು ಕಬಳಿಸಿದ್ದಕ್ಕೆ 23,000 ಡಾಲರ್, ಒಟ್ಟು 1,33,000 ಡಾಲರ್ ಪರಿಹಾರ. ಜೂನ್ ತಿಂಗಳಲ್ಲಿ ನ್ಯಾಯಾಧೀಶ ಜೆಡ್ ರಾಕಾಫ್ ಆ ಹೆಸರನ್ನು ಬಳಸದಂತೆ ಶಾಶ್ವತ ತಡೆಯನ್ನೂ ನೀಡಿದರು. ಕಲಾವಿದ ಮೇಲ್ಮನವಿ ಸಲ್ಲಿಸಿದ.

ಗಮನಿಸಬೇಕಾದ ಸಂಗತಿ ಇದು. ಆ ಸರಣಿ ಬಂದಾಗ ಎರ್ಮೆಸ್ ಇಂಥ ಪರದೆಯ ಚೀಲಗಳ ವ್ಯಾಪಾರಕ್ಕೆ ಇಳಿದೇ ಇರಲಿಲ್ಲ. ಅದರ ಹೆಸರು ನಿಂತಿದ್ದದ್ದು ಚರ್ಮದ ಚೀಲಗಳ ಮೇಲೆ. ಆದರೂ ಆ ಹೆಸರಿನ ರಕ್ಷಣೆ ಪರದೆಯೊಳಗೂ ನಡೆದುಕೊಂಡು ಹೋಯಿತು. ವರ್ಗದ ಗೂಡು ಬೇರೆಯಾದರೂ ಗಿರಾಕಿಯ ತಲೆಯೊಳಗೆ ಹೆಸರು ಒಂದೇ ಎಂಬುದನ್ನು ಈ ತೀರ್ಪು ತೋರಿಸಿತು.

ಒಂದೇ ಚಿತ್ರ, ಎರಡು ಚೀಟಿ

ಇಟಲಿಯಲ್ಲಿ ಇನ್ನೊಂದು ಬಗೆಯ ಪ್ರಸಂಗ ನಡೆಯಿತು. ಹಳೆಯ ಫುಟ್‌ಬಾಲ್ ಆಟಗಾರ ಕ್ರಿಸ್ಟಿಯನ್ ವಿಯೆರಿಯ ಚಿತ್ರವಿರುವ ಡಿಜಿಟಲ್ ಕಾರ್ಡುಗಳನ್ನು ಕಂಪನಿಯೊಂದು ಎನ್‌ಎಫ್‌ಟಿಯಾಗಿ ಮಾರಿತು. ಆಟಗಾರನ ಒಪ್ಪಿಗೆ ಪಡೆದೇ ಮಾರಿತ್ತು. ಆದರೆ ಚಿತ್ರದಲ್ಲಿ ಅವನು ತೊಟ್ಟಿದ್ದದ್ದು ಯುವೆಂಟಸ್ ಕ್ಲಬ್ಬಿನ ಅಂಗಿ. ಕ್ಲಬ್ಬು ಆಕ್ಷೇಪಿಸಿತು. ಮುಖ ಆಟಗಾರನದು, ಅಂಗಿಯ ಗುರುತು ಕ್ಲಬ್ಬಿನದು. ಕ್ಲಬ್ಬಿನ ಒಪ್ಪಿಗೆಯೂ ಬೇಕಿತ್ತು ಎಂದು 2022ರ ಜುಲೈಯಲ್ಲಿ ರೋಮ್ ನ್ಯಾಯಾಲಯ ಹೇಳಿ ಮಾರಾಟಕ್ಕೆ ತಡೆ ಹಾಕಿತು.

ನಮ್ಮ ಒಂಬತ್ತನೇ ತರಗತಿಯ ಹುಡುಗಿಯ ಪ್ರಶ್ನೆಗೆ ಹೇಳಿ ಮಾಡಿಸಿದಂಥ ಮೊಕದ್ದಮೆ ಅಮೆರಿಕದ ಕ್ಯಾಲಿಫೋರ್ನಿಯಾದ್ದು. ಯುಗ ಲ್ಯಾಬ್ಸ್ ಎಂಬ ಕಂಪನಿ ಬೇಸರದ ಮುಖ ಹೊತ್ತ ಹತ್ತು ಸಾವಿರ ವಾನರಗಳ ಚಿತ್ರಸರಣಿಯನ್ನು ತಂದಿತ್ತು. ಅದನ್ನು ಟೀಕಿಸಲೆಂದೇ ಎನ್ನುತ್ತ ಇಬ್ಬರು ಅವೇ ಚಿತ್ರಗಳಿಗೆ ಬೇರೆ ಚೀಟಿಗಳನ್ನು ಮಾಡಿ ಮಾರಿದರು. ಚಿತ್ರ ಒಂದೇ, ಚೀಟಿ ಎರಡು! ಕೆಳಗಿನ ನ್ಯಾಯಾಲಯ ಕಂಪನಿಯ ಪರ ನಿಂತಿತು. 2025ರ ಜುಲೈಯಲ್ಲಿ ಮೇಲ್ಮನವಿ ನ್ಯಾಯಾಲಯ ಎರಡು ಮಾತು ಹೇಳಿತು. ಒಂದು, ಟ್ರೇಡ್‌ಮಾರ್ಕ್ ಕಾನೂನಿನ ಕಣ್ಣಿಗೆ ಎನ್‌ಎಫ್‌ಟಿ ಕೂಡ ‘ಸರಕು’. ಎರಡು, ಕೊಳ್ಳುವವರಿಗೆ ಗೊಂದಲವಾಗುತ್ತದೆಯೇ ಎಂಬುದನ್ನು ವಿಚಾರಣೆ ನಡೆಸದೆ ಊಹಿಸಿಬಿಡುವಂತಿಲ್ಲ. ಅಂದರೆ ಪರೀಕ್ಷಿಸಬೇಕಾದದ್ದು ಚಿತ್ರದ ಅಂಕಿಗಳನ್ನಲ್ಲ, ಗಿರಾಕಿಯ ಮನಸ್ಸನ್ನು.

ಬೇಲಿಗೂ ಒಂದು ಮಿತಿ

ಹಾಗೆಂದು ಯಾವ ಕಂಪನಿಯ ಹೆಸರನ್ನೂ ಆಟದಲ್ಲಿ, ಕಥೆಯಲ್ಲಿ, ಚಿತ್ರದಲ್ಲಿ ತರಲೇಬಾರದೇ? ಹಾಗೆ ಮಾಡಿದರೆ ನಾಳೆ ವ್ಯಂಗ್ಯಚಿತ್ರಕಾರರು ಕುಂಚ ಕೆಳಗಿಡಬೇಕಾಗುತ್ತದೆ. ‘ಕಾಲ್ ಆಫ್ ಡ್ಯೂಟಿ’ ಎಂಬ ಯುದ್ಧದ ಆಟದಲ್ಲಿ ಅಮೆರಿಕದ ಸೇನೆಯ ‘ಹಮ್ವೀ’ ವಾಹನಗಳು ಬರುತ್ತವೆ. ವಾಹನ ತಯಾರಿಸುವ ಎ.ಎಂ. ಜನರಲ್ ಕಂಪನಿ ದಾವೆ ಹೂಡಿತು. 2020ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಯುದ್ಧದ ಕಥೆ ನಿಜದಂತೆ ಕಾಣಬೇಕಾದರೆ ನಿಜವಾಗಿ ಬಳಸುವ ವಾಹನವೇ ಬರಬೇಕು; ಆಟವಾಡುವವನು ಹಮ್ವೀ ಕಂಪನಿಯೇ ಈ ಆಟ ಮಾಡಿದೆ ಎಂದುಕೊಳ್ಳುವುದಿಲ್ಲ ಎಂಬುದು ಅಲ್ಲಿನ ತರ್ಕ.

2023ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಈ ಗೆರೆಯನ್ನು ಇನ್ನಷ್ಟು ಸ್ಪಷ್ಟಗೊಳಿಸಿತು. ಜ್ಯಾಕ್ ಡೇನಿಯಲ್ಸ್ ಮದ್ಯದ ಬಾಟಲಿಯನ್ನು ಅಣಕಿಸಿ ಮಾಡಿದ ನಾಯಿಯ ಆಟಿಕೆಯ ಪ್ರಕರಣ ಅದು. ಇನ್ನೊಬ್ಬರ ಗುರುತನ್ನು ನಿನ್ನ ಸರಕಿನ ಗುರುತಾಗಿಯೇ ಬಳಸಿದರೆ ಕಲೆ, ಅಣಕ ಎಂಬ ವಿಶೇಷ ರಿಯಾಯಿತಿ ಸಿಗುವುದಿಲ್ಲ ಎಂದು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಒಟ್ಟಿನಲ್ಲಿ ಸೂತ್ರ ಇಷ್ಟು: ಇನ್ನೊಬ್ಬರ ಹೆಸರಿನ ಬಗ್ಗೆ ಮಾತಾಡುವುದು ಒಂದು, ಇನ್ನೊಬ್ಬರ ಹೆಸರಿನಲ್ಲಿ ಅಂಗಡಿ ಇಡುವುದು ಇನ್ನೊಂದು.

ನಮ್ಮ ದೇಶದಲ್ಲಿ

ಭಾರತದ ಟ್ರೇಡ್‌ಮಾರ್ಕ್ ಕಾಯಿದೆ 1999ರದು. ಜಾರಿಗೆ ಬಂದದ್ದು 2003ರ ಸೆಪ್ಟೆಂಬರಿನಲ್ಲಿ. ಆಗ ಎನ್‌ಎಫ್‌ಟಿಯ ಹೆಸರೇ ಹುಟ್ಟಿರಲಿಲ್ಲ. ಆದರೂ ಅದರ 29ನೇ ಕಲಮಿನ ಒಂದು ಭಾಗ ಇಲ್ಲಿ ಉಪಯೋಗಕ್ಕೆ ಬರುವಂಥದ್ದು. ದೇಶದಲ್ಲಿ ಒಳ್ಳೆಯ ಹೆಸರು ಗಳಿಸಿದ ಮುದ್ರೆಯನ್ನು ತೀರ ಬೇರೆ ಬಗೆಯ ಸರಕಿನ ಮೇಲೆ ಬಳಸಿ ಅನ್ಯಾಯದ ಲಾಭ ಪಡೆದರೂ ಅದು ಉಲ್ಲಂಘನೆಯೇ ಎನ್ನುತ್ತದೆ ಅದು. ಇನ್ನೊಂದು ಕಡೆ, ನೋಂದಾಯಿಸಿದ ಹೆಸರನ್ನು ಐದು ವರ್ಷ ಬಳಸದೆ ಸುಮ್ಮನೆ ಇಟ್ಟುಕೊಂಡರೆ ಅದನ್ನು ತೆಗೆದುಹಾಕುವಂತೆ ಬೇರೆಯವರು ಕೇಳಬಹುದು. ಬಸ್ಸಿನ ಸೀಟಿಗೆ ಟವೆಲ್ ಹಾಕಿ ಹೋದವರು ಬಂದು ಕೂರಲೂ ಬೇಕಲ್ಲ!

ಬೆಂಗಳೂರಿನ ಕಂಪನಿಯೊಂದು ಭಾಗಿಯಾಗಿದ್ದ ಒಂದು ಪ್ರಕರಣವನ್ನು ಇಲ್ಲಿ ನೆನೆಯಬಹುದು. ಕ್ರಿಕೆಟ್ ಆಟಗಾರರ ಡಿಜಿಟಲ್ ಕಾರ್ಡುಗಳನ್ನು ಅವರ ಒಪ್ಪಿಗೆ ಪಡೆದು ಮಾರುತ್ತಿದ್ದ ರಾರಿಯೋ ಎಂಬ ಸಂಸ್ಥೆ, ಬೆಂಗಳೂರಿನ ಗ್ಯಾಲಕ್ಟಸ್ ಫನ್‌ವೇರ್ ಕಂಪನಿಯ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋಯಿತು. ಒಪ್ಪಿಗೆ ಇಲ್ಲದೆ ಆಟಗಾರರ ಹೆಸರು, ಚಿತ್ರ ಬಳಸಿದ ಕಾರ್ಡುಗಳನ್ನು ಮಾರುತ್ತಿದ್ದಾರೆ ಎಂಬುದು ದೂರು. 2023ರ ಏಪ್ರಿಲ್‌ನಲ್ಲಿ ಹೈಕೋರ್ಟು ಮಧ್ಯಂತರ ತಡೆ ಕೊಡಲು ನಿರಾಕರಿಸಿತು. ಎಲ್ಲರಿಗೂ ಗೊತ್ತಿರುವ ಹೆಸರು, ರನ್ನುಗಳ ಲೆಕ್ಕ, ಕೈಯಿಂದ ಬರೆದಂಥ ಚಿತ್ರ ಇವುಗಳ ಬಳಕೆಗೆ ಸಂವಿಧಾನದ ವಾಕ್‌ಸ್ವಾತಂತ್ರ್ಯದ ರಕ್ಷಣೆ ಇದೆ ಎಂದಿತು. ಇದು ಟ್ರೇಡ್‌ಮಾರ್ಕಿಗಿಂತ ಹೆಚ್ಚಾಗಿ ವ್ಯಕ್ತಿಯ ಹೆಸರಿನ ಹಕ್ಕಿನ ವಿಷಯ. ಆದರೂ ಬೇಲಿಗೆ ಮಿತಿ ಇದೆ ಎಂಬುದನ್ನು ನಮ್ಮ ನ್ಯಾಯಾಲಯವೂ ತೋರಿಸಿತು.

ಹೆಸರು ಉಳಿಯಿತು, ಚಿತ್ರ ಹೋಯಿತು

ಇಷ್ಟೆಲ್ಲ ಓದಿದ ಮೇಲೆ ತಂದೆತಾಯಿಗಳು, ‘ಸರಿ, ಅಸಲಿ ಕಂಪನಿಯಿಂದಲೇ ಕೊಂಡರೆ ಮೋಸವಿಲ್ಲವಲ್ಲ’ ಎನ್ನಬಹುದು. ಇಲ್ಲಿಯೇ ಎಚ್ಚರ ಬೇಕು.

2021ರ ಡಿಸೆಂಬರಿನಲ್ಲಿ ನೈಕಿ ಕಂಪನಿ ಪರದೆಯ ಬೂಟುಗಳನ್ನು ಮಾಡುತ್ತಿದ್ದ ‘ಆರ್ಟಿಫ್ಯಾಕ್ಟ್’ ಎಂಬ ಸಂಸ್ಥೆಯನ್ನು ಕೊಂಡುಕೊಂಡಿತು. ದೊಡ್ಡ ಹೆಸರಿನ ಬೆಂಬಲವಿದೆ ಎಂದು ಜನ ಅದರ ಎನ್‌ಎಫ್‌ಟಿಗಳಿಗೆ ಸಾವಿರಾರು ಡಾಲರ್ ಸುರಿದರು. ಮೂರು ವರ್ಷ ಕಳೆಯಿತು. 2024ರ ಡಿಸೆಂಬರಿನಲ್ಲಿ ಆ ಸಂಸ್ಥೆಯ ಕೆಲಸ ನಿಲ್ಲಿಸುವುದಾಗಿ ಪ್ರಕಟಣೆ ಬಂತು. ಚೀಟಿಗಳ ಬೆಲೆ ನೆಲಕಚ್ಚಿತು. 2025ರ ಏಪ್ರಿಲ್‌ನಲ್ಲಿ ಅದರ ಒಂದು ಸರಣಿಯ ಚಿತ್ರಗಳೇ ಕೆಲಕಾಲ ಪರದೆಯಿಂದ ಮಾಯವಾದವು. ಚಿತ್ರಗಳನ್ನು ಇಟ್ಟಿದ್ದ ಕಂಪ್ಯೂಟರ್ ಸೇವೆಯ ವ್ಯವಸ್ಥೆಯಲ್ಲಿ ಆದ ತೊಡಕು ಕಾರಣ. ಚೀಟಿ ಭದ್ರವಾಗಿತ್ತು, ವಿಳಾಸವೂ ಇತ್ತು, ಆ ವಿಳಾಸದ ಮನೆಯಲ್ಲಿ ಮಾತ್ರ ಏನೂ ಇರಲಿಲ್ಲ! ಅದೇ ತಿಂಗಳು ಕೊಂಡವರ ಪರವಾಗಿ ನ್ಯೂಯಾರ್ಕಿನಲ್ಲಿ ನೈಕಿಯ ವಿರುದ್ಧ 50 ಲಕ್ಷ ಡಾಲರಿಗೂ ಹೆಚ್ಚಿನ ಪರಿಹಾರ ಕೋರಿ ದಾವೆ ದಾಖಲಾಯಿತು.

ಟ್ರೇಡ್‌ಮಾರ್ಕಿನ ಶಕ್ತಿ ಮತ್ತು ಅಶಕ್ತಿ ಎರಡೂ ಈ ಪ್ರಸಂಗದಲ್ಲಿ ಕಾಣುತ್ತವೆ. ಮುದ್ರೆ ಹೇಳುವುದು ‘ಇದು ನಮ್ಮಿಂದ ಬಂದದ್ದು’ ಎಂದು. ‘ಇದು ನಾಳೆಯೂ ಇರುತ್ತದೆ’ ಎಂದು ಅದು ಹೇಳುವುದಿಲ್ಲ. ನಿಜದ ಬೂಟು ಮಾಡಿದ ಕಂಪನಿ ಮುಚ್ಚಿಹೋದರೂ ಬೂಟು ಕಾಲಿನಲ್ಲೇ ಇರುತ್ತದೆ, ಅಟ್ಟೆ ಸವೆದರೆ ಚಮ್ಮಾರನ ಬಳಿ ಹಾಕಿಸಿಕೊಳ್ಳಬಹುದು. ಪರದೆಯ ಬೂಟು ಹಾಗಲ್ಲ. ಅದನ್ನು ತೋರಿಸುವ ಯಂತ್ರವನ್ನು ಯಾರೋ ಎಲ್ಲೋ ದಿನವೂ ಚಾಲನೆಯಲ್ಲಿ ಇಟ್ಟಿರಬೇಕು. ಆಟದ ತಾಣಗಳ ಕರಾರುಗಳನ್ನು ಓದಿದರೆ ಸಾಮಾನ್ಯವಾಗಿ ಅಲ್ಲಿ ಸಿಗುವುದು ಬಳಸಲು ಅನುಮತಿ ಮಾತ್ರ, ಒಡೆತನವಲ್ಲ. ತಮ್ಮ ಹೆಸರನ್ನು ಕಾಯಲು ಕಂಪನಿಗಳಿಗೆ ಕಾನೂನಿದೆ, ವಕೀಲರಿದ್ದಾರೆ, ನಲವತ್ತೈದು ವರ್ಗಗಳಿವೆ. ಹನ್ನೆರಡು ವರ್ಷದ ಹುಡುಗ ಅಪ್ಪನ ಫೋನಿನಿಂದ ಕೊಂಡ ಟೋಪಿಗೆ ಅಂಥ ಕಾವಲು ಇಲ್ಲ.

ಮಕ್ಕಳಿಗೆ, ಹಿರಿಯರಿಗೆ ನಾಲ್ಕು ಮಾತು

ಒಂದು: ಆಟದೊಳಗೆ ಏನನ್ನಾದರೂ ಕೊಳ್ಳುವ ಮುನ್ನ ಅದನ್ನು ಸಿನಿಮಾ ಟಿಕೆಟ್ಟಿನಂತೆ ಭಾವಿಸಿ. ನೋಡಿ ಸಂತೋಷಪಟ್ಟರೆ ಹಣ ಸಂದಿತು. ಆಸ್ತಿ, ಹೂಡಿಕೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆಟದ ನಾಣ್ಯದ ಲೆಕ್ಕವನ್ನು ರೂಪಾಯಿಗೆ ತಿರುಗಿಸಿ ನೋಡುವ ಅಭ್ಯಾಸವನ್ನು ಮಕ್ಕಳಿಗೆ ಮಾಡಿಸಿ. ಐದನೇ ತರಗತಿಯ ಗುಣಾಕಾರ ಸಾಕು.

ಎರಡು: ಪ್ರಸಿದ್ಧ ಹೆಸರು ಕಂಡೊಡನೆ ಅದು ಅಸಲಿ ಎಂದುಕೊಳ್ಳಬೇಡಿ. ಚಿತ್ರ ಎಷ್ಟು ಚೆನ್ನಾಗಿದೆ ಎಂಬುದರಿಂದ ಏನೂ ತಿಳಿಯದು. ಆ ಕಂಪನಿಯ ಸ್ವಂತ ತಾಣದಲ್ಲಿ ಇದರ ಪ್ರಸ್ತಾಪ ಇದೆಯೇ ನೋಡಿ. ಮೆಟಾಬರ್ಕಿನ್ಸ್ ವಿಷಯದಲ್ಲಿ ಪತ್ರಿಕೆಗಳೇ ಎಡವಿದವು ಎಂಬುದು ನೆನಪಿರಲಿ.

ಮೂರು: ನಮ್ಮ ಅನೇಕ ವಿದ್ಯಾರ್ಥಿಗಳು ಈಗ ಕೊಳ್ಳುವವರಷ್ಟೇ ಅಲ್ಲ, ಮಾಡುವವರೂ ಹೌದು. ಸಣ್ಣ ಆಟ ರಚಿಸುತ್ತಾರೆ, ಅವತಾರಕ್ಕೆ ಅಂಗಿ ಬಿಡಿಸುತ್ತಾರೆ. ಅಭ್ಯಾಸಕ್ಕೆಂದು ನೋಟುಪುಸ್ತಕದಲ್ಲಿ ಯಾವ ಕಂಪನಿಯ ಗುರುತು ಬರೆದರೂ ಯಾರೂ ಕೇಳುವುದಿಲ್ಲ. ಅದನ್ನೇ ಅಂಗಿಯ ಮೇಲೆ ಅಂಟಿಸಿ ಮಾರಾಟಕ್ಕಿಟ್ಟರೆ ಮಾತು ಬೇರೆಯಾಗುತ್ತದೆ. ಪರದೆಯ ಅಂಗಿ ತಾನೇ ಎನ್ನುವ ಸಮಾಧಾನ ಈಗ ನಡೆಯುವುದಿಲ್ಲ.

ನಾಲ್ಕು: ಸ್ವಂತ ಹೆಸರು ಕಟ್ಟಿಕೊಳ್ಳಿ. ಭಾರತದಲ್ಲಿ ವ್ಯಕ್ತಿಯೊಬ್ಬ ಅಥವಾ ಸಣ್ಣ ಉದ್ದಿಮೆ ಒಂದು ವರ್ಗದಲ್ಲಿ ಟ್ರೇಡ್‌ಮಾರ್ಕ್ ಅರ್ಜಿಯನ್ನು ಅಂತರ್ಜಾಲದ ಮೂಲಕ ಸಲ್ಲಿಸಲು 2017ರ ನಿಯಮಗಳಲ್ಲಿ ಗೊತ್ತುಪಡಿಸಿದ ಶುಲ್ಕ 4,500 ರೂಪಾಯಿ. ಕರ್ನಾಟಕದವರ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ನೋಂದಣಿಯಾಗುವ ಮೊದಲೇ ವೃತ್ತದೊಳಗೆ ಆರ್ ಅಕ್ಷರವಿರುವ ಗುರುತನ್ನು ಹಾಕಿಕೊಳ್ಳುವುದು ಕಾನೂನಿಗೆ ವಿರುದ್ಧ.

ಹೆಸರು ಬೆಳೆಯುವುದು ನೋಂದಣಿ ಕಚೇರಿಯಲ್ಲಿ ಅಲ್ಲ. ಒಂದೇ ಗುಣದ ಸರಕನ್ನು ವರ್ಷಗಟ್ಟಲೆ ಕೊಟ್ಟಾಗ, ಕೊಟ್ಟ ಮಾತಿನಂತೆ ನಡೆದುಕೊಂಡಾಗ ಜನ ಆ ಹೆಸರನ್ನು ಹಿಡಿದು ಕೇಳಿ ಕೊಳ್ಳುತ್ತಾರೆ. ಜೀನು ಲಗಾಮು ಹೊಲಿಯುತ್ತಿದ್ದ ಅಂಗಡಿಯ ಹೆಸರಿಗೆ ಇಂದಿನ ಬೆಲೆ ಬಂದದ್ದು ಹಾಗೆಯೇ. ಪರದೆಯ ಮೇಲೆ ಸರಕು ಮಾಡಿ ಮಾರುವ ಕನಸು ಕಾಣುತ್ತಿರುವ ವಿದ್ಯಾರ್ಥಿಗಳು ಕಾನೂನನ್ನು ತಿಳಿದುಕೊಳ್ಳಲಿ. ಅದರ ಜೊತೆಗೆ, ತಮ್ಮಿಂದ ಕೊಂಡವರ ಚಿತ್ರ ನಾಳೆಯೂ ಅದೇ ವಿಳಾಸದಲ್ಲಿ ಸಿಗುವಂತೆ ನೋಡಿಕೊಳ್ಳುವ ಹೊಣೆಯನ್ನೂ ಹೊರಲಿ.